ಬೇರೆ ಕಂಪನಿಯ 600 ಮಿ.ಮೀ. ಲೆನ್ಸ್ ಸಾಕೇ? ಸೂಪರ್ ಟೆಲಿಫೋಟೋ ಕೊಳ್ಳುವ ಮುನ್ನ ತೂಗಿ ನೋಡುವ ಬಗೆ

ಹಕ್ಕಿಗಳ ಚಿತ್ರ ತೆಗೆಯುವ ಹಂಬಲ ಹತ್ತಿದವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆಯ ಮುಂದೆ ನಿಲ್ಲುತ್ತಾರೆ. ಕ್ಯಾಮೆರಾದ ಜೊತೆ ಬಂದ ಲೆನ್ಸಿನಲ್ಲಿ ಕೆರೆಯಾಚೆಯ ಮಿಂಚುಳ್ಳಿ ಬರೀ ನೀಲಿ ಚುಕ್ಕೆ. ಉದ್ದನೆಯ ಲೆನ್ಸ್, ಅಂದರೆ ದೂರದ್ದನ್ನು ಹತ್ತಿರ ತೋರಿಸುವ ಸೂಪರ್ ಟೆಲಿಫೋಟೋ ಬೇಕೇ ಬೇಕು; ಮಿ.ಮೀ. ಅಂಕಿ ಹೆಚ್ಚಾದಷ್ಟೂ ಹಕ್ಕಿ ದೊಡ್ಡದಾಗಿ ಕಾಣುತ್ತದೆ. ಸಿಗ್ಮಾ ಅಥವಾ ಟ್ಯಾಮ್ರಾನ್ ಕೊಳ್ಳುವುದೋ, ಇನ್ನಷ್ಟು ಹಣ ಕೂಡಿಸಿ ಕ್ಯಾನನ್, ನಿಕಾನ್, ಸೋನಿ ಕಂಪನಿಗಳದ್ದನ್ನೇ ಕೊಳ್ಳುವುದೋ?

ಈ ಪ್ರಶ್ನೆಗೆ ಎಲ್ಲರಿಗೂ ಸಲ್ಲುವ ಒಂದೇ ಉತ್ತರವಿಲ್ಲ. ನಿಮ್ಮ ಕ್ಯಾಮೆರಾದ ಮೌಂಟ್ (ಲೆನ್ಸ್ ಕೂರುವ ಜೋಡಣೆ) ಯಾವುದು, ನೀವು ಚಿತ್ರ ತೆಗೆಯುವ ಹೊತ್ತಿನಲ್ಲಿ ಬೆಳಕು ಎಷ್ಟಿರುತ್ತದೆ, ಲೆನ್ಸನ್ನು ಹೊತ್ತು ಎಷ್ಟು ದೂರ ನಡೆಯುತ್ತೀರಿ ಎಂಬ ಮೂರು ಸಂಗತಿಗಳು ಉತ್ತರವನ್ನು ಬದಲಿಸುತ್ತವೆ. ಅದಕ್ಕೂ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಪಕ್ಕಕ್ಕಿಡೋಣ. ಕ್ಯಾಮೆರಾ ಕಂಪನಿಯದ್ದಲ್ಲದ ಲೆನ್ಸ್ ಎಂದರೆ ನಕಲಿ ಮಾಲಲ್ಲ. ಟ್ಯಾಮ್ರಾನ್ 1950ರಲ್ಲಿ, ಸಿಗ್ಮಾ 1961ರಲ್ಲಿ ಜಪಾನಿನಲ್ಲೇ ಹುಟ್ಟಿದ ಕಂಪನಿಗಳು. ಸಿಗ್ಮಾದ ಲೆನ್ಸ್‌ಗಳು ಫುಕುಶಿಮಾ ಪ್ರಾಂತ್ಯದ ಐಜು ಕಾರ್ಖಾನೆಯಲ್ಲಿ ತಯಾರಾಗುತ್ತವೆ. 2013ರ ಕೊನೆಯಲ್ಲಿ ಟ್ಯಾಮ್ರಾನ್ ತನ್ನ ಮೊದಲ 150-600 ಮಿ.ಮೀ. ಜೂಮ್ ಪ್ರಕಟಿಸಿ, ಮರುವರ್ಷ ಸಿಗ್ಮಾ ಅದೇ ಅಳತೆಯಲ್ಲಿ ಕಂಟೆಂಪರರಿ ಮತ್ತು ಸ್ಪೋರ್ಟ್ಸ್ ಎಂಬ ಎರಡು ಲೆನ್ಸ್‌ಗಳನ್ನು ಪ್ರಕಟಿಸಿದ ಮೇಲೆಯೇ 600 ಮಿ.ಮೀ. ಎಂಬುದು ಸಂಬಳದ ಮೇಲೆ ಬದುಕುವವರ ಕೈಗೂ ಎಟುಕಿತು. ನಮ್ಮ ಕೆರೆಗಳ ದಂಡೆಯಲ್ಲಿ ಇಂದು ಇಷ್ಟೊಂದು ಜನ ಹಕ್ಕಿ ನೋಡುತ್ತ ನಿಂತಿರುವುದರಲ್ಲಿ ಈ ಲೆನ್ಸ್‌ಗಳ ಪಾಲು ದೊಡ್ಡದೆಂದು ನಾನು ನಂಬಿದ್ದೇನೆ.

ಮೊದಲು ಜಾಗ, ಆಮೇಲೆ ಮಿಲಿಮೀಟರ್

ನೀವು ಹೆಚ್ಚಾಗಿ ಹೋಗುವ ಜಾಗಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ರಂಗನತಿಟ್ಟಿನ ದೋಣಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳ ಗೂಡುಗಳಿಗೆ ಸಾಕಷ್ಟು ಸಮೀಪ ಹೋಗುತ್ತದೆ. ಅಲ್ಲಿ 400 ಮಿ.ಮೀ. ಧಾರಾಳ, 600ರಲ್ಲಿ ರೆಕ್ಕೆಯ ತುದಿ ಚೌಕಟ್ಟಿನಾಚೆ ಹೋಗುವುದೇ ಹೆಚ್ಚು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ನೀರಿನ ನಡುವೆ ಕುಳಿತರೆ 600 ಕೂಡ ಸಾಲದು. ಕಬಿನಿಯಲ್ಲಿ ಒಂದೇ ಸಫಾರಿಯಲ್ಲಿ ಎರಡೂ ಎದುರಾಗಬಹುದು: ಹಿನ್ನೀರಿನ ಆಚೆ ದಂಡೆಯಲ್ಲಿ ಆನೆಗಳ ಹಿಂಡು, ಮರುಗಳಿಗೆಯಲ್ಲಿ ಜೀಪಿನ ಪಕ್ಕದಲ್ಲೇ ದಾರಿ ದಾಟುವ ಹುಲಿ. ಇಂಥ ಕಡೆ ಲೆನ್ಸ್ 150ರಿಂದ ಶುರುವಾಗುವುದಕ್ಕೂ 200ರಿಂದ ಶುರುವಾಗುವುದಕ್ಕೂ ವ್ಯತ್ಯಾಸವಿದೆ.

ಲೆಕ್ಕ ಹೀಗೆ. ಅದೇ ದೂರದಿಂದ ತೆಗೆದ ಹಕ್ಕಿ 400 ಮಿ.ಮೀ.ಗಿಂತ 600ರಲ್ಲಿ ಚಿತ್ರದ 2.25 ಪಟ್ಟು ಹೆಚ್ಚು ಜಾಗ ತುಂಬುತ್ತದೆ. 500 ಮತ್ತು 600ರ ನಡುವೆ ಇದು 1.44 ಪಟ್ಟು. 400ರಿಂದ 600ಕ್ಕೆ ಏರುವುದು ದೊಡ್ಡ ಜಿಗಿತ. 500ರಿಂದ 600ಕ್ಕೆ ಏರುವುದು ಒಳ್ಳೆಯದೇ, ಆದರೆ ಅದೊಂದಕ್ಕಾಗಿ ಬಜೆಟ್ ಮುರಿಯಬೇಕಿಲ್ಲ. ನಿಮ್ಮದು ಕ್ರಾಪ್ ಸೆನ್ಸರಿನ (ಬೆಳಕು ಹಿಡಿಯುವ ಫಲಕ ಚಿಕ್ಕದಾಗಿರುವ) ಕ್ಯಾಮೆರಾ ಆಗಿದ್ದರೆ ನಿಕಾನ್ ಮತ್ತು ಸೋನಿಯಲ್ಲಿ 1.5, ಕ್ಯಾನನ್‌ನಲ್ಲಿ 1.6 ಪಟ್ಟು ಕಿರಿದಾದ ನೋಟ ಹೇಗೂ ಸಿಗುತ್ತದೆ. ಅಂಥವರು 100-400 ಮಿ.ಮೀ. ಲೆನ್ಸನ್ನು ತಳ್ಳಿಹಾಕುವ ಮುನ್ನ ಎರಡು ಸಲ ಯೋಚಿಸಲಿ.

ಇನ್ನೊಂದು ಮಾತು. ಕೆಲವು ಸಫಾರಿಗಳಲ್ಲಿ ಲೆನ್ಸಿನ ಅಳತೆಗೆ ತಕ್ಕಂತೆ ಕ್ಯಾಮೆರಾ ಶುಲ್ಕ ವಸೂಲಿ ಮಾಡುತ್ತಾರೆ. ಕಾಡಿಗೆ ಪದೇ ಪದೇ ಹೋಗುವವರು ಈ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಅರ್ಧ ನಿರ್ಧಾರ ಮೌಂಟಿನದು

ಜನ ಹೆಚ್ಚು ಎಡವುವುದು ಇಲ್ಲೇ. ಹತ್ತು ವರ್ಷಗಳ ಹಿಂದೆ ಕ್ಯಾನನ್ ಅಥವಾ ನಿಕಾನ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಇದ್ದವರಿಗೆ ಸಿಕ್ಕ ಸಲಹೆ ಇಂದಿನ, ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹಾಗೆಯೇ ಒಪ್ಪುವುದಿಲ್ಲ. ಒಂದೊಂದು ಮೌಂಟಿನ ಕತೆ ಒಂದೊಂದು. ಭಾರತದ ಬೆಲೆಗಳು ತೆರಿಗೆ, ವಿನಿಮಯ ದರ ಮತ್ತು ಹಬ್ಬದ ರಿಯಾಯಿತಿಗಳಿಂದ ಏರಿಳಿಯುವ ಕಾರಣ ಹೋಲಿಕೆಗೆ ಅಮೆರಿಕದಲ್ಲಿ ಬಿಡುಗಡೆಯಾದಾಗಿನ ಬೆಲೆಗಳನ್ನೇ ಹಿಡಿದಿದ್ದೇನೆ. ಅವುಗಳ ನಡುವಿನ ಅಂತರವನ್ನು ಗಮನಿಸಿ.

ಹಳೆಯ ಡಿಎಸ್‌ಎಲ್‌ಆರ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದೆಯೇ? ಹಾಗಾದರೆ ಬೇರೆ ಕಂಪನಿಯ ಲೆನ್ಸ್ ಪರವಾದ ವಾದ ಎಲ್ಲಕ್ಕಿಂತ ಗಟ್ಟಿಯಾಗಿರುವುದು ನಿಮ್ಮ ಪಾಲಿಗೆ. ಸಿಗ್ಮಾ 150-600 ಕಂಟೆಂಪರರಿ 1,089 ಡಾಲರಿಗೆ ಬಂದ, 1,930 ಗ್ರಾಂ ತೂಗುವ ಲೆನ್ಸ್. 2016ರಲ್ಲಿ ಬಂದ ಟ್ಯಾಮ್ರಾನ್‌ನ ಎರಡನೇ ತಲೆಮಾರಿನ 150-600 ಸುಮಾರು 2 ಕಿಲೋ ತೂಗುತ್ತದೆ. ಕ್ಯಾನನ್ ಡಿಎಸ್‌ಎಲ್‌ಆರ್‌ಗೆ 600 ಮಿ.ಮೀ. ಮುಟ್ಟುವ ಜೂಮ್ ಲೆನ್ಸನ್ನು ಆ ಕಂಪನಿ ಮಾಡಲೇ ಇಲ್ಲ. ಅದರ 100-400 ಬಹಳ ಒಳ್ಳೆಯದು, ಆದರೆ 400ಕ್ಕೇ ನಿಲ್ಲುತ್ತದೆ. ನಿಕಾನ್ ಮಾತ್ರ 2015ರಲ್ಲಿ 200-500 ಎಫ್/5.6 ತಂದು ಸುಮಾರು 1,400 ಡಾಲರಿಗೆ ಮಾರಿತು. ಉದ್ದಕ್ಕೂ ಎಫ್/5.6 ಕೊಡುವ (ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು) ಆ ಲೆನ್ಸ್ ಅಂದಿಗೂ ಇಂದಿಗೂ ಸಿಗ್ಮಾಕ್ಕೆ ಸರಿಸಾಟಿ ಎದುರಾಳಿ. 2.3 ಕಿಲೋ ತೂಕ ಮತ್ತು ನಿಧಾನದ ಫೋಕಸ್ ಅದರ ಕೊರತೆಗಳು. ಡಿ90, ಡಿ3000ದಂಥ ಹಳೆಯ ನಿಕಾನ್ ಕ್ಯಾಮೆರಾಗಳಲ್ಲಿ ಅದರ ವಿದ್ಯುನ್ಮಾನ ಅಪರ್ಚರ್ (ಬೆಳಕಿನ ಕಿಂಡಿ) ಕೆಲಸ ಮಾಡುವುದಿಲ್ಲ ಎಂಬುದನ್ನೂ ನೆನಪಿಡಿ.

ಸೋನಿಯವರಿಗೆ ಆಯ್ಕೆ ನಿಜಕ್ಕೂ ಕಷ್ಟ, ಏಕೆಂದರೆ ಎದುರಿಗಿರುವ ಮೂರೂ ಲೆನ್ಸ್‌ಗಳು ಒಳ್ಳೆಯವು. ಸೋನಿ ತನ್ನ ಇ ಮೌಂಟಿನ ಮೂಲ ವಿವರಗಳನ್ನು 2011ರಲ್ಲೇ ಬೇರೆ ತಯಾರಕರಿಗೆ ತೆರೆದಿಟ್ಟಿತು. ಅದರ ಫಲವಾಗಿ ಸೋನಿಯ 200-600 ಸುಮಾರು 2,000 ಡಾಲರ್, ಸಿಗ್ಮಾದ 2021ರ 150-600 ಸ್ಪೋರ್ಟ್ಸ್ ಸುಮಾರು 1,500, ಟ್ಯಾಮ್ರಾನ್ 150-500 ಸುಮಾರು 1,400 ಎಂಬ ಸಾಲು ನಮ್ಮ ಮುಂದಿದೆ. ಹೆಚ್ಚಿನ ಆ 500-600 ಡಾಲರಿಗೆ ಸೋನಿ ಕೊಡುವುದೇನು? ಒಂದು, ಜೂಮ್ ಮಾಡಿದಾಗ ಉದ್ದವಾಗದ ಕೊಳವೆ. ಎರಡು, ಹಕ್ಕಿಯನ್ನು ಇನ್ನಷ್ಟು ಹತ್ತಿರ ತರುವ ಟೆಲಿಕನ್ವರ್ಟರನ್ನು ಲೆನ್ಸಿನ ಹಿಂದೆ ಹಾಕುವ ಅವಕಾಶ. ಸಿಗ್ಮಾ ತನ್ನ ಟೆಲಿಕನ್ವರ್ಟರನ್ನು ಪ್ಯಾನಸಾನಿಕ್, ಲೈಕಾ ಮುಂತಾದವರ ಎಲ್ ಮೌಂಟಿಗೆ ಮಾತ್ರ ಕೊಟ್ಟಿದೆ, ಸೋನಿಯವರಿಗಿಲ್ಲ. ಮೂರು, ವೇಗ. ಸೋನಿ ಕ್ಯಾಮೆರಾಗಳಲ್ಲಿ ಬೇರೆ ಕಂಪನಿಯ ಲೆನ್ಸ್ ಹಾಕಿದರೆ ಸೆಕೆಂಡಿಗೆ 15 ಚಿತ್ರಗಳೇ ಮಿತಿ. ಎ1 ಕ್ಯಾಮೆರಾ 30, ಎ9-3 ಕ್ಯಾಮೆರಾ 120 ಚಿತ್ರ ತೆಗೆಯಬಲ್ಲವು. ಅಷ್ಟು ಹಣ ಕೊಟ್ಟು ಕ್ಯಾಮೆರಾ ಕೊಂಡವರು ಅದನ್ನು ಲೆನ್ಸಿನಿಂದ ಕಟ್ಟಿಹಾಕುವುದು ಸರಿಯಲ್ಲ. ಆದರೆ ಎ7-3, ಎ7-4 ಕ್ಯಾಮೆರಾಗಳ ಗರಿಷ್ಠ ವೇಗವೇ 10. ಅವರಿಗೆ ಈ ಮಿತಿ ಇದ್ದೂ ಇಲ್ಲದಂತೆ. ಕಾಲ್ನಡಿಗೆಯಲ್ಲಿ ಹಕ್ಕಿ ಹುಡುಕುವ ಎ7-4 ಬಳಕೆದಾರರಿಗೆ ನಾನು ಹಿಂಜರಿಯದೆ ಹೇಳುವುದು 1,725 ಗ್ರಾಂನ ಟ್ಯಾಮ್ರಾನ್. ಜೀಪಿನಲ್ಲಿ ಕುಳಿತು ತೆಗೆಯುವವರಿಗೆ ಸೋನಿ 200-600.

ನಿಕಾನಿನ ಮಿರರ್‌ಲೆಸ್ ಕ್ಯಾಮೆರಾಗಳ ಝೆಡ್ ಮೌಂಟಿನಲ್ಲಿ ಮಾತು ಬೇಗ ಮುಗಿಯುತ್ತದೆ. ನಿಕಾನಿನ ಸ್ವಂತ 180-600 ಲೆನ್ಸ್ 2023ರಲ್ಲಿ ಸುಮಾರು 1,700 ಡಾಲರಿಗೆ ಬಂತು. ಟ್ಯಾಮ್ರಾನ್ 150-500 ಅದಕ್ಕಿಂತ ಸುಮಾರು 300 ಡಾಲರ್ ಅಗ್ಗ. ಇಷ್ಟು ಕಡಿಮೆ ಅಂತರಕ್ಕೆ 100 ಮಿ.ಮೀ., ಒಳಗೇ ಜೂಮ್ ಆಗುವ ಕೊಳವೆ, ಟೆಲಿಕನ್ವರ್ಟರ್ ಇವನ್ನೆಲ್ಲ ಬಿಟ್ಟುಕೊಡಲು ಕಾರಣ ಬೇಕು. ಹಗುರ ಮತ್ತು ಚಿಕ್ಕದು ಬೇಕೆಂಬುದೊಂದೇ ನನಗೆ ಒಪ್ಪಿಗೆಯಾಗುವ ಕಾರಣ.

ಕ್ಯಾನನ್ ಆರ್‌ಎಫ್ ಮೌಂಟಿನ (ಅದರ ಮಿರರ್‌ಲೆಸ್ ಕ್ಯಾಮೆರಾಗಳದು) ಸ್ಥಿತಿ ಬೇಸರ ತರುವಂಥದ್ದು. 2024ರಲ್ಲಿ ಕ್ಯಾನನ್ ಸಿಗ್ಮಾ ಮತ್ತು ಟ್ಯಾಮ್ರಾನ್‌ಗೆ ಬಾಗಿಲು ತೆರೆದದ್ದು ಕ್ರಾಪ್ ಸೆನ್ಸರಿನ ಲೆನ್ಸ್‌ಗಳಿಗೆ; ಸೂಪರ್ ಟೆಲಿಫೋಟೋದಲ್ಲಿ ನೇರವಾಗಿ ಕೂರುವ, ಆಟೋಫೋಕಸ್ ಇರುವ ಆಯ್ಕೆ ಅದರಿಂದ ಸಿಗಲಿಲ್ಲ. ಉಳಿದ ದಾರಿ ಡಿಎಸ್‌ಎಲ್‌ಆರ್ ಕಾಲದ ಹಳೆಯ ಇಎಫ್ ಮೌಂಟಿನ ಸಿಗ್ಮಾ ಅಥವಾ ಟ್ಯಾಮ್ರಾನ್ ಲೆನ್ಸನ್ನು ಕ್ಯಾನನ್ ಅಡಾಪ್ಟರಿನ ಮೂಲಕ ಹಾಕುವುದು. ಕೆಲಸ ನಡೆಯುತ್ತದೆ, ಆದರೆ ಹಾರುವ ಹಕ್ಕಿಯ ಮೇಲೆ ಫೋಕಸ್ ಹಿಂದೆ ಮುಂದೆ ತುಯ್ಯುವುದನ್ನು ಕೆಲವು ಕ್ಯಾಮೆರಾಗಳಲ್ಲಿ ಕಾಣಬಹುದು. ನಿಮ್ಮ ಸ್ವಂತ ಕ್ಯಾಮೆರಾದ ಮೇಲೆ ಹಾಕಿ ನೋಡದೆ ಹಣ ಕೊಡಬೇಡಿ. ಕ್ಯಾನನ್‌ನ 100-500 ಲೆನ್ಸ್ 1,370 ಗ್ರಾಂ ಹಗುರ, ಚಿತ್ರವೂ ಅಚ್ಚುಕಟ್ಟು, ಬೆಲೆ 2,699 ಡಾಲರ್. 2023ರ 200-800 ಅದಕ್ಕಿಂತ ಅಗ್ಗ, 1,899. ಆದರೆ 800ರಲ್ಲಿ ಅದು ಎಫ್/9. ಬೆಳಕು ಹೇರಳವಾಗಿರುವ ಬಯಲುಸೀಮೆಯ ಕೆರೆಗಳಿಗೆ ಅದು ಒಳ್ಳೆಯ ಸಂಗಾತಿ. ಮಲೆನಾಡಿನ ದಟ್ಟ ಕಾಡಿಗೆ ಅಲ್ಲ.

ಬೆಳಕಿನ ಲೆಕ್ಕ

ಹತ್ತು ಲಕ್ಷ ರೂಪಾಯಿ ದಾಟುವ 600 ಎಫ್/4 ಲೆನ್ಸ್ ನೋಡಿದಾಗ ಅದು ನಮ್ಮ 600 ಎಫ್/6.3ಗಿಂತ ಅಷ್ಟೊಂದು ಪಟ್ಟು ಮೇಲೇ ಎಂಬ ಕುತೂಹಲ ಸಹಜ. 600 ಎಫ್/4ರ ಬೆಳಕಿನ ಕಿಂಡಿ 150 ಮಿ.ಮೀ. ಅಗಲ, ಎಫ್/6.3ರದು ಸುಮಾರು 95 ಮಿ.ಮೀ. ಒಳಬರುವ ಬೆಳಕಿನಲ್ಲಿ ಸುಮಾರು ಎರಡೂವರೆ ಪಟ್ಟು ವ್ಯತ್ಯಾಸ. ಅದೇ ಶಟರ್ ವೇಗಕ್ಕೆ ದುಬಾರಿ ಲೆನ್ಸಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 2500 ಸಾಕಾದರೆ ನಿಮ್ಮದರಲ್ಲಿ 6400 ಬೇಕು. ನಡುಹಗಲಿನಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ದಾಂಡೇಲಿಯ ಕಾಡಿನೊಳಗೆ ಮಂಗಟ್ಟೆ ಹಣ್ಣು ತಿನ್ನುವ ಮುಂಜಾವಿನಲ್ಲಿ, ಕಬಿನಿಯಲ್ಲಿ ಸಂಜೆ ಕೊನೆಯ ಅರ್ಧ ಗಂಟೆಯಲ್ಲಿ ಚಿರತೆ ಮರದ ಮೇಲೆ ಕಂಡಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಹಿನ್ನೆಲೆ ಕರಗುವ ಸೊಗಸಿನಲ್ಲೂ ಎಫ್/4ಕ್ಕೆ ಸಮನಾದದ್ದಿಲ್ಲ.

ಅಷ್ಟಾದರೂ ಹೇಳುತ್ತೇನೆ: ಇಂದಿನ ನಾಯ್ಸ್ (ಹೆಚ್ಚಿನ ಐಎಸ್‌ಒದಲ್ಲಿ ಚಿತ್ರದ ಮೇಲೆ ಕಾಣುವ ಕಾಳುಕಾಳು) ತೆಗೆಯುವ ತಂತ್ರಾಂಶಗಳು ಐಎಸ್‌ಒ 6400ರ ಚಿತ್ರವನ್ನು ಮುದ್ರಿಸುವ ಮಟ್ಟಕ್ಕೆ ತರಬಲ್ಲವು. ಚಿತ್ರ ಮಾರಿ ಬದುಕುವವರನ್ನು ಬಿಟ್ಟರೆ ಉಳಿದವರಿಗೆ ಆ ಲಕ್ಷಗಳನ್ನು ಪ್ರಯಾಣಕ್ಕೆ ಖರ್ಚು ಮಾಡುವುದು ಹೆಚ್ಚು ಫಲ ಕೊಡುತ್ತದೆ. ಒಂದೇ ಜಾಗಕ್ಕೆ ಬೇರೆ ಬೇರೆ ಋತುಗಳಲ್ಲಿ ಹೋದವರ ಚಿತ್ರಗಳು, ದುಬಾರಿ ಲೆನ್ಸ್ ಹಿಡಿದು ವರ್ಷಕ್ಕೊಮ್ಮೆ ಹೋದವರ ಚಿತ್ರಗಳಿಗಿಂತ ಜೀವಂತವಾಗಿರುತ್ತವೆ.

ಇನ್ನು ಎಫ್/5.6 ಮತ್ತು ಎಫ್/6.3ರ ನಡುವಿನ ಅಂತರ ಮೂರನೇ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

ತೂಕ, ಧೂಳು, ಜೂಮ್ ತಿರುವು

ಸಿಗ್ಮಾದ ಡಿಎಸ್‌ಎಲ್‌ಆರ್ ಕಾಲದ ಸ್ಪೋರ್ಟ್ಸ್ ಲೆನ್ಸ್ 2,860 ಗ್ರಾಂ. ಕಂಟೆಂಪರರಿಗಿಂತ ಸುಮಾರು ಒಂದು ಕಿಲೋ ಹೆಚ್ಚು. ಅಂಗಡಿಯಲ್ಲಿ ಎರಡು ನಿಮಿಷ ಹಿಡಿದಾಗ ಈ ಒಂದು ಕಿಲೋ ಏನೂ ಅನ್ನಿಸುವುದಿಲ್ಲ. ಹಕ್ಕಿ ಕೊಂಬೆ ಬಿಟ್ಟು ಏಳುವುದನ್ನು ಕಾಯುತ್ತ ಲೆನ್ಸನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು ನಿಂತಾಗ ತೋಳು ಸೋಲುತ್ತದೆ. ತೋಳು ಸೋತರೆ ಚಿತ್ರವೂ ನಡುಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ, ಗಡಿಯಾರ ನೋಡಿಕೊಂಡು ಐದು ನಿಮಿಷ ಬಿಡದೆ ಎತ್ತಿ ಹಿಡಿಯಿರಿ. ಅಂಗಡಿಯವರು ನಕ್ಕರೂ ಚಿಂತೆಯಿಲ್ಲ.

ಜೂಮ್ ಮಾಡಿದಾಗ ಮುಂದಕ್ಕೆ ಚಾಚುವ ಲೆನ್ಸ್‌ಗಳಲ್ಲಿ ಎರಡು ತೊಂದರೆಗಳಿವೆ. ಕೊಳವೆ ಹಿಂದೆ ಮುಂದೆ ಆಡುವಾಗ ಗಾಳಿಯ ಜೊತೆ ಧೂಳೂ ಒಳಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಸಫಾರಿ ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಆ ಕೆಂಪು ಧೂಳಿನ ಪರಿಚಯ ಬೇಕಿಲ್ಲ. ಎರಡನೆಯದು, ಲೆನ್ಸ್ ಚಾಚಿದಂತೆ ಭಾರ ಮುಂದಕ್ಕೆ ಸರಿದು ಗಿಂಬಲ್ (ಭಾರದ ಲೆನ್ಸನ್ನು ತೂಗಿ ನಿಲ್ಲಿಸುವ ಟ್ರೈಪಾಡ್ ತಲೆ) ಮೇಲೆ ಇಟ್ಟ ಸಮತೋಲನ ತಪ್ಪುತ್ತದೆ. ಒಳಗೇ ಜೂಮ್ ಆಗುವ ಸೋನಿ 200-600, ನಿಕಾನ್ 180-600 ಲೆನ್ಸ್‌ಗಳಿಗೆ ಹೆಚ್ಚು ಕೊಡುವ ಹಣದಲ್ಲಿ ಬಹುಪಾಲು ಇದಕ್ಕೇ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ, ಮತ್ತು ಅದು ಸಾರ್ಥಕವಾದ ಖರ್ಚು. ಆದರೆ ಅವು ಚೀಲದಲ್ಲಿ ಯಾವಾಗಲೂ ಪೂರ್ತಿ ಉದ್ದವೇ. ಬಸ್ಸಿನಲ್ಲಿ ಓಡಾಡುವವರಿಗೆ ಕುಗ್ಗುವ ಲೆನ್ಸೇ ಅನುಕೂಲ.

ಬಾಡಿಗೆಗೆ ತಂದು ಪರೀಕ್ಷಿಸುವುದು

ಬೆಂಗಳೂರಿನಲ್ಲಿ ಲೆನ್ಸ್ ಬಾಡಿಗೆಗೆ ಕೊಡುವವರಿದ್ದಾರೆ. ಕೊಳ್ಳಬೇಕೆಂದಿರುವ ಎರಡು ಲೆನ್ಸ್‌ಗಳನ್ನು ಒಂದೇ ವಾರಾಂತ್ಯಕ್ಕೆ ತನ್ನಿ. ಆ ಬಾಡಿಗೆ ಲೆನ್ಸಿನ ಬೆಲೆಯ ಒಂದು ಸಣ್ಣ ಪಾಲು, ಅದು ತಪ್ಪಿಸುವ ನಷ್ಟ ದೊಡ್ಡದು.

ಪರೀಕ್ಷೆಯನ್ನು ಬೆಳಗ್ಗೆ ಬೇಗ ಮಾಡಿ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿ ದೂರದ ಚಿತ್ರವನ್ನು ಅಲೆಯಾಡಿಸುತ್ತದೆ. ಮಧ್ಯಾಹ್ನ ಕೆರೆಯ ಆಚೆ ದಂಡೆಯ ಹಕ್ಕಿ ಮಸುಕಾಯಿತೆಂದು ಲೆನ್ಸನ್ನು ದೂಷಿಸುವವರು ಬಹಳ. ಅಲ್ಲಿ ಹತ್ತು ಲಕ್ಷದ ಲೆನ್ಸ್ ಕೂಡ ಮಸುಕಾದ ಚಿತ್ರವನ್ನೇ ಕೊಡುತ್ತದೆ.

ಹದಿನೈದು, ಇಪ್ಪತ್ತು ಮೀಟರ್ ದೂರದಲ್ಲಿ ಸಣ್ಣ ಅಕ್ಷರಗಳಿರುವ ದಿನಪತ್ರಿಕೆಯ ಹಾಳೆಯನ್ನು ಗೋಡೆಗೆ ಅಂಟಿಸಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಲೆನ್ಸಿನ ನಡುಕ ತಡೆಯುವ ಸ್ಥಿರೀಕರಣವನ್ನು ಆಫ್ ಮಾಡಿ, ಟೈಮರ್ ಹಾಕಿ, ಜೂಮನ್ನು ಪೂರ್ತಿ ಚಾಚಿ ಮೊದಲು ಎಫ್/6.3ರಲ್ಲಿ, ಬಳಿಕ ಎಫ್/8ರಲ್ಲಿ ತೆಗೆಯಿರಿ. ಎಫ್/8ರಲ್ಲಿ ಸ್ವಲ್ಪ ಚೂಪಾಗುವುದು ಈ ವರ್ಗದ ಲೆನ್ಸ್‌ಗಳ ಸ್ವಭಾವ. ಎಫ್/6.3ರಲ್ಲಿ ಅಕ್ಷರ ಓದಲು ಬಾರದಿದ್ದರೆ ಮಾತ್ರ ಅದು ಆ ಲೆನ್ಸಿನ ದೋಷ. ಹಾಳೆಯನ್ನು ಚೌಕಟ್ಟಿನ ನಾಲ್ಕೂ ಮೂಲೆಗಳಿಗೆ ತಂದು ತೆಗೆಯಿರಿ. ಒಂದು ಮೂಲೆ ಚೂಪಾಗಿ ಅದರ ಎದುರಿನದು ಮಸುಕಾದರೆ ಒಳಗಿನ ಗಾಜು ಓರೆಯಾಗಿದೆ ಎಂದರ್ಥ. ಅಂಥದ್ದು ಯಾವ ಕಂಪನಿಯದಾದರೂ ಬೇಡ. ಡಿಎಸ್‌ಎಲ್‌ಆರ್ ಆದರೆ ಫೋಕಸ್ ಅಕ್ಷರಗಳ ಮುಂದಕ್ಕೋ ಹಿಂದಕ್ಕೋ ಬೀಳುವ ಸಾಧ್ಯತೆಯಿದೆ. ಸಿಗ್ಮಾದ ಯುಎಸ್‌ಬಿ ಡಾಕ್, ಟ್ಯಾಮ್ರಾನ್‌ನ ಟ್ಯಾಪ್-ಇನ್ ಕನ್ಸೋಲ್ ಎಂಬ ಉಪಕರಣ ಬಳಸಿ ಇದನ್ನು ಮನೆಯಲ್ಲೇ ಸರಿಪಡಿಸಬಹುದು. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ಕಾಟವಿಲ್ಲ.

ಗೋಡೆಯ ಪರೀಕ್ಷೆಗಿಂತ ಮುಖ್ಯವಾದದ್ದು ಚಲನೆಯ ಪರೀಕ್ಷೆ. ರಸ್ತೆಯ ಬದಿಯಲ್ಲಿ ಸುರಕ್ಷಿತವಾಗಿ ನಿಂತು ನಿಮ್ಮತ್ತ ಬರುವ ಬೈಕುಗಳ ಮೇಲೆ ನಿರಂತರ ಫೋಕಸ್ ಇಟ್ಟು ಸಾಲು ಚಿತ್ರ ತೆಗೆಯಿರಿ. ಮನೆಗೆ ಬಂದು ಎಷ್ಟು ಚಿತ್ರಗಳಲ್ಲಿ ನಂಬರ್ ಫಲಕ ಚೂಪಾಗಿದೆ ಎಂದು ಎಣಿಸಿ. ಎರಡು ಲೆನ್ಸ್‌ಗಳ ನಡುವಿನ ನಿಜವಾದ ವ್ಯತ್ಯಾಸ ಈ ಎಣಿಕೆಯಲ್ಲಿ ಬಯಲಾಗುತ್ತದೆ. ನಿಂತ ಹಕ್ಕಿಯನ್ನು ತೆಗೆಯುವುದರಲ್ಲಿ ಅಗ್ಗದ ಲೆನ್ಸ್ ದುಬಾರಿ ಲೆನ್ಸಿಗೆ ಬಹುತೇಕ ಸಮ. ಭದ್ರಾ ಹಿನ್ನೀರಿನ ಮೇಲೆ ತಿರುಗುತ್ತ ಧುಮುಕುವ ರೀವ ಹಕ್ಕಿಯ ವಿಷಯ ಬೇರೆ. ಫೋಕಸ್ ಮೋಟಾರಿನ ಚುರುಕಿಗೆ ಕೊಟ್ಟ ಹಣ ಅಲ್ಲಿ ವಸೂಲಾಗುತ್ತದೆ.

ಬಿಲ್, ವಾರಂಟಿ, ಹಳೆಯ ಲೆನ್ಸ್

ಅಧಿಕೃತ ವಿತರಕರ ಬಿಲ್ ಮತ್ತು ಭಾರತದಲ್ಲಿ ಸಲ್ಲುವ ವಾರಂಟಿ ಕಾರ್ಡ್ ಇಲ್ಲದೆ ಕೊಳ್ಳಬೇಡಿ. ವಿದೇಶದಿಂದ ನೆಂಟರ ಕೈಯಲ್ಲಿ ತರಿಸಿದ ಲೆನ್ಸ್ ಅಗ್ಗವೆನಿಸಿದರೂ ಕೆಟ್ಟಾಗ ಅದನ್ನು ಇಲ್ಲಿ ಯಾರು ನೋಡುತ್ತಾರೆ ಎಂದು ಮೊದಲೇ ಕೇಳಿ ತಿಳಿಯಿರಿ. ಬೇರೆ ಕಂಪನಿಯ ಲೆನ್ಸಿನ ವಿಷಯದಲ್ಲಿ ಇನ್ನೂ ಎರಡು ಪ್ರಶ್ನೆಗಳಿವೆ: ರಿಪೇರಿ ಎಲ್ಲಿ ಆಗುತ್ತದೆ, ಎಷ್ಟು ವಾರ ಹಿಡಿಯುತ್ತದೆ? ಮುಂದೆ ಹೊಸ ಕ್ಯಾಮೆರಾ ಕೊಂಡಾಗ ಲೆನ್ಸಿನ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ನವೀಕರಿಸಬೇಕಾಗಿ ಬಂದರೆ ಅದರ ವಿಧಾನವೇನು? ಹೊಸ ಕ್ಯಾಮೆರಾ ಬಂದ ಆರಂಭದ ದಿನಗಳಲ್ಲಿ ಹಳೆಯ ಸಿಗ್ಮಾ, ಟ್ಯಾಮ್ರಾನ್ ಲೆನ್ಸ್‌ಗಳಿಗೆ ನವೀಕರಣ ಬೇಕಾದ ಉದಾಹರಣೆಗಳಿವೆ. ಮರುಮಾರಾಟದಲ್ಲಿಯೂ ಕ್ಯಾಮೆರಾ ಕಂಪನಿಯ ಲೆನ್ಸಿಗೆ ಸಾಮಾನ್ಯವಾಗಿ ಹೆಚ್ಚು ಬೆಲೆ ಉಳಿಯುತ್ತದೆ. ಕೆಲವೇ ವರ್ಷಗಳಲ್ಲಿ ಬದಲಿಸುವ ಯೋಚನೆ ಇದ್ದರೆ ಈ ನಷ್ಟವನ್ನೂ ಬೆಲೆಗೆ ಸೇರಿಸಿ ಹೋಲಿಸಿ.

ಹಾಗೆಂದೇ ಹಳೆಯ ಸಿಗ್ಮಾ ಕಂಟೆಂಪರರಿ ಅಥವಾ ಟ್ಯಾಮ್ರಾನ್ 150-600 ಕೊಳ್ಳುವವರಿಗೆ ಅದು ಲಾಭ. ಆದರೆ ನಮ್ಮ ನಾಡಿನಲ್ಲಿ ಹಳೆಯ ಲೆನ್ಸ್ ಎಂದರೆ ಮೊದಲು ನೋಡಬೇಕಾದದ್ದು ಬೂಷ್ಟು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲವಿಡೀ ಚೀಲದೊಳಗೇ ಇದ್ದ ಲೆನ್ಸಿನ ಗಾಜಿನ ಮೇಲೆ ಜೇಡರ ಬಲೆಯಂತೆ ಬಿಳಿ ಎಳೆಗಳು ಹಬ್ಬುತ್ತವೆ. ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿ, ಕತ್ತಲ ಕೋಣೆಯಲ್ಲಿ ಹಿಂಬದಿಯಿಂದ ಟಾರ್ಚ್ ಬೆಳಕನ್ನು ಓರೆಯಾಗಿ ಹಾಯಿಸಿ ಮುಂದಿನಿಂದ ನೋಡಿ. ಆಮೇಲೆ ಮುಂದಿನಿಂದ ಬೆಳಕು ಹಾಯಿಸಿ ಹಿಂದಿನಿಂದ ನೋಡಿ. ಒಂದೆರಡು ಧೂಳಿನ ಕಣಗಳಿದ್ದರೆ ಪರವಾಗಿಲ್ಲ, ಅವು ಚಿತ್ರದಲ್ಲಿ ಕಾಣುವುದಿಲ್ಲ. ಎಳೆಗಳು ಕಂಡರೆ ಎಷ್ಟೇ ಅಗ್ಗವಾದರೂ ಹಿಂದಿರುಗಿಸಿ.

ಕೊಂಡ ಮೇಲೆ ಮೊದಲ ವಾರದಲ್ಲೇ ಎಲ್ಲ ಪರೀಕ್ಷೆಗಳನ್ನೂ ನಿಮ್ಮ ಲೆನ್ಸಿನ ಮೇಲೆ ಮತ್ತೊಮ್ಮೆ ಮಾಡಿ. ಬಾಡಿಗೆಗೆ ತಂದದ್ದು ಬೇರೆ ಪ್ರತಿ, ನಿಮ್ಮ ಕೈಯಲ್ಲಿರುವುದು ಬೇರೆ ಪ್ರತಿ. ಬದಲಿಸಿಕೊಡುವ ಅವಧಿ ಎಷ್ಟು ದಿನ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಒಣ ಕಪಾಟು ಕೊಳ್ಳಲು ಆಗದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಲೆನ್ಸ್ ಇಟ್ಟು, ಪೊಟ್ಟಣಗಳನ್ನು ಆಗಾಗ ಬದಲಿಸುತ್ತಿರಿ. ಜೂನ್ ಬರುವ ಮೊದಲೇ ಆ ಡಬ್ಬಿ ಸಿದ್ಧವಾಗಿರಲಿ.